ತಾಳ ಕೇಳದ ಸ್ಪೀಕರ್

ವಿಜಯವಾಡದ ಭವಾನಿಪುರಂನ ಆ ಮನೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಕುಕ್ಕರ್ ಒಂದು ಸಲವೂ ಕೂಗಿರಲಿಲ್ಲ. ಕೂಗುವ ಹೊತ್ತಾಯಿತು ಎನ್ನುವಾಗ ಹೇಮಾಕ್ಷಿ ಸೌಟಿನ ತುದಿಯಿಂದ ಅದರ ತಲೆಯ ಮೇಲಿನ ತೂಕವನ್ನು ಮೆಲ್ಲಗೆ ಎತ್ತಿ ಹಬೆ ಬಿಡುತ್ತಿದ್ದಳು. ಬಳ್ಳಾರಿಯ ಹೆಣ್ಣುಮಕ್ಕಳು ಜೋಳದ ರೊಟ್ಟಿಯನ್ನು ಓಣಿಗೆಲ್ಲ ಕೇಳುವಂತೆ ತಟ್ಟುತ್ತಾರೆ. ಬಳ್ಳಾರಿಯಲ್ಲೇ ಹುಟ್ಟಿ ಬೆಳೆದ ಇವಳು ಮಾತ್ರ ಲಟ್ಟಣಿಗೆಯಿಂದ ಸದ್ದಿಲ್ಲದೆ ಲಟ್ಟಿಸುತ್ತಿದ್ದಳು. ಬಾಗಿಲಿನ ಕೀಲುಗಳಿಗೆ ತಿಂಗಳಿಗೊಮ್ಮೆ ಎಣ್ಣೆ, ಕುರ್ಚಿಯ ಕಾಲುಗಳಿಗೆ ಹಳೆ ಸೈಕಲ್ ಟ್ಯೂಬಿನ ತುಂಡು. ಗಂಡ ಕಾಮೇಶ್ವರ ಕರೆಂಟು ತಯಾರಿಸುವ ಇಬ್ರಾಹಿಂಪಟ್ನಂನ ಥರ್ಮಲ್ ಸ್ಟೇಷನ್‌ನಲ್ಲಿ ಟರ್ಬೈನ್ ನೋಡಿಕೊಳ್ಳುವವನು. ವಾರಕ್ಕೊಮ್ಮೆ ಪಾಳಿ ಬದಲು. ರಾತ್ರಿ ಪಾಳಿಯ ವಾರ ಅವನು ಬೆಳಗ್ಗೆ ಬಂದು ಮಲಗಿದನೆಂದರೆ ಮನೆಯೆಲ್ಲ ಪಿಸುಮಾತಿಗೆ ಇಳಿಯಬೇಕು.

ಈ ಕಟ್ಟಳೆ ಹಾಕಿದವಳು ಅತ್ತೆ ಕೋಟೇಶ್ವರಮ್ಮ. ಅವಳೂ ಬಳ್ಳಾರಿಯವಳೇ, ಹೇಮಾಕ್ಷಿಗೆ ಸೋದರತ್ತೆ. ವಿಜಯವಾಡದ ತೆಲುಗು ಮನೆ ಸೇರಿ ಮೂವತ್ತೈದು ವರ್ಷವಾದ ಮೇಲೆ, ತನ್ನ ಜೊತೆ ಕನ್ನಡ ಆಡಲು ಒಂದು ಜೀವ ಇರಲೆಂದು ತಮ್ಮನ ಮಗಳನ್ನೇ ಸೊಸೆ ಮಾಡಿಕೊಂಡಳು. ಹಾಗೆ ಮಾತಿಗೆಂದು ತಂದ ಹುಡುಗಿಗೆ ಮೊದಲ ವಾರವೇ ಕಲಿಸಿದ್ದು ಬಾಯಿ ಮುಚ್ಚಿಕೊಂಡಿರುವುದನ್ನು. ‘ಹಗುರ ಮಾತಾಡೇ, ಅವನು ಮಲಗ್ಯಾನ’ ಎಂಬುದನ್ನು ಮುದುಕಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಬರುಬರುತ್ತ ಅವನು ಎದ್ದಿರಲಿ ಮಲಗಿರಲಿ, ಮನೆಯ ದನಿಯೇ ಅಷ್ಟಾಗಿ ನಿಂತುಬಿಟ್ಟಿತು. ಮಗ ಸಾಯಿಕಿರಣ್ ಶಾಲೆಯಲ್ಲಿ ಪದ್ಯ ಒಪ್ಪಿಸಲು ನಿಂತರೆ ಕೊನೆಯ ಬೆಂಚಿಗೆ ಕೇಳುವುದಿಲ್ಲವೆಂದು ಮೇಷ್ಟರು ಬೈಯುತ್ತಿದ್ದರು.

ಪಿಸುಮಾತು ಹೇಮಾಕ್ಷಿಗೆ ಒಗ್ಗಿಹೋಗಿತ್ತು. ಒಗ್ಗದೇ ಉಳಿದದ್ದು ಗಂಡನ ಮೌನ. ಮೂರು ನಾಲ್ಕು ವರ್ಷಗಳಿಂದ ಅವನು ಇವಳ ಮಾತಿಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದ. ಸಂಜೆ ಅಡುಗೆಮನೆಯಿಂದ “ಬಾವಾ, ರೊಟ್ಟಿ ಎಷ್ಟು?” ಎಂದು ಕೇಳುತ್ತಾಳೆ, ಹಾಲ್‌ನಲ್ಲಿ ಪೇಪರ್ ಹಿಡಿದು ಕೂತವನು ತಲೆ ಎತ್ತುವುದಿಲ್ಲ. ಇವಳು ಮೂರು ಮಾಡುತ್ತಾಳೆ. ಅವನು ಎರಡು ತಿಂದು ಮೂರನೆಯದನ್ನು ಮಡಿಸಿ ತಟ್ಟೆಯ ಅಂಚಿಗಿಡುತ್ತಾನೆ. ಕೇಳಿದಾಗ ಬಾಯಿ ಬಿಡಬಾರದು, ಬಡಿಸಿದ್ದನ್ನು ಬಿಡಬೇಕು. ಮರುದಿನ ಆ ಒಣಗಿದ ರೊಟ್ಟಿಯನ್ನು ಮೊಸರಿಗೆ ಮುರಿದು ಹಾಕಿಕೊಂಡು ತಿನ್ನುವವಳು ಇವಳೇ. ಒಂದು ದಿನವಲ್ಲ, ಎರಡು ದಿನವಲ್ಲ. ಉತ್ತರ ಕೊಡುವಷ್ಟೂ ತಾನು ಈ ಮನುಷ್ಯನಿಗೆ ಬೇಡವಾದೆ ಎಂದು ಅವಳು ತೀರ್ಮಾನಿಸಿದ್ದಳು. ಆ ನೋವು ಎದೆಯಲ್ಲಿ ಕೂತು ಗಟ್ಟಿಯಾಗಿತ್ತು.

ಹಾಗಾಗಿ ವಿಶಾಖಪಟ್ಟಣಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಸಾಯಿಕಿರಣ್ ಅಲ್ಲಿ ಪರವಾಡದ ಒಂದು ಔಷಧಿ ಕಾರ್ಖಾನೆಯಲ್ಲಿದ್ದ. ಕಂಪನಿ ಬಸ್ಸಿನಲ್ಲಿ ಹೋಗಿಬಂದು, ಹೋಟೆಲಿನ ಅನ್ನ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದ. ಬಾ ಅಮ್ಮಾ ಎಂದು ಎರಡು ವರ್ಷದಿಂದ ಕರೆಯುತ್ತಿದ್ದವನಿಗೆ ಈಗ ಹೂಂ ಎಂದಳು. ಏಪ್ರಿಲ್ ಎರಡನೇ ಭಾನುವಾರದ ಹಗಲು ರೈಲಿಗೆ ಅವನು ಟಿಕೆಟ್ ಮಾಡಿಸಿದ, ಹೋಗುವುದಕ್ಕೆ ಮಾತ್ರ. ವಾಪಸು ಯಾವಾಗ ಎಂದು ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ಗಂಡನಿಗೆ ಒಂದು ಸಂಜೆ, ಅವನು ಗಿಡಕ್ಕೆ ನೀರು ಹಾಕುತ್ತಿದ್ದಾಗ, ಹಿಂದೆ ನಿಂತು ಹೇಳಿದಳು. ಅವನು ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ, ನೀರು ಹಾಕುತ್ತಲೇ ಇದ್ದ.

ಕೋಟೇಶ್ವರಮ್ಮ ಮಾತ್ರ ಸುಮ್ಮನಿರಲಿಲ್ಲ. ಎಪ್ಪತ್ತೆಂಟರ ಮುದುಕಿಯ ಬಾಯಿಗೆ ಗಂಜಿ ಹಾಕುವವರು ಯಾರು, ಪಾಳಿಯ ಗಂಡಸಿಗೆ ಡಬ್ಬಿ ಕಟ್ಟುವವರು ಯಾರು ಎಂದು ದಿನವೂ ಪಿಸುದನಿಯಲ್ಲೇ ಜಗಳ ತೆಗೆದಳು.

“ನಿನ್ನ ಮಗ ಅದಾನಲ್ಲ ಅತ್ತೆ, ಅವನ್ನ ಕೇಳು,” ಎಂದಳು ಹೇಮಾಕ್ಷಿ. “ನನ್ನ ಕೂಡಂತೂ ಮಾತಾಡಂಗಿಲ್ಲ. ನಿನ್ನ ಕೂಡನಾದ್ರೂ ಆಡ್ತಾನೇನೋ ನೋಡು.”

“ದಣಿದು ಬಂದಿರ್ತಾನ.”

“ನಾಲ್ಕು ವರ್ಷದಿಂದ ದಣಿದಾನೇನು?”

ಮುದುಕಿ ಎಲೆಯಡಿಕೆಯ ಡಬ್ಬಿ ತೆಗೆದಳು.

ಸ್ಪೀಕರಿನ ಮಾತು ಬಂದದ್ದು ಇದರ ನಡುವೆ, ಎರಡು ಸಾವಿರದ ಹದಿನೆಂಟರ ಫೆಬ್ರವರಿಯಲ್ಲಿ. ಜೂನ್ ಕೊನೆಗೆ ಕಾಮೇಶ್ವರನ ನಿವೃತ್ತಿ. ಸಾಯಿಕಿರಣ್ ತನ್ನ ಕಂಪನಿಯ ಗೆಸ್ಟ್‌ಹೌಸಿನಲ್ಲಿ ಸೂರಿನೊಳಗೇ ಕೂರಿಸಿದ ಸ್ಪೀಕರುಗಳನ್ನು ಕಂಡಿದ್ದ. ಡಬ್ಬವಿಲ್ಲ, ನೇತಾಡುವ ವೈರಿಲ್ಲ, ದುಂಡನೆಯ ಬಿಳಿ ಜಾಲರಿ ಮಾತ್ರ. ಹಾಡು ತಲೆಯ ಮೇಲಿಂದ ಇಳಿದು ಬರುತ್ತದೆ. ಅಪ್ಪನಿಗೆ ಅದನ್ನೇ ಉಡುಗೊರೆ ಕೊಡುತ್ತೇನೆಂದ. ಕಾಮೇಶ್ವರನ ಬಳಿ ಮೂವತ್ತೆಂಟು ಕ್ಯಾಸೆಟ್ಟುಗಳಿದ್ದವು. ಹರೆಯದಲ್ಲಿ ಊರೂರು ಸುತ್ತಿ, ಪೌರಾಣಿಕ ನಾಟಕಗಳ ಮುಂದಿನ ಸಾಲಿನಲ್ಲಿ ಕೂತು ತಾನೇ ಧ್ವನಿಮುದ್ರಿಸಿಕೊಂಡ ಪದ್ಯಗಳು. ಮಗ ಅವನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿಕೊಟ್ಟಿದ್ದ.

ಎಲ್ಲದಕ್ಕೂ ಮೊದಲು ಬೇಡ ಎನ್ನುವ ಕಾಮೇಶ್ವರ ಈ ಸಲ ತಟ್ಟನೆ ಒಪ್ಪಿಕೊಂಡ. ಹೇಮಾಕ್ಷಿಗೆ ಮೈ ಉರಿಯಿತು. ಇಪ್ಪತ್ತೇಳು ವರ್ಷ ನಮ್ಮೆಲ್ಲರ ಬಾಯಿ ಕಟ್ಟಿದವನಿಗೆ ಈಗ ತಲೆಯ ಮೇಲೆ ನಾಟಕ ಬೇಕಂತೆ ಎಂದು ಒಳಗೊಳಗೇ ಕುದ್ದಳು. ಅವನು ಹಾಕಿದ ಒಂದೇ ಷರತ್ತು ಕೇಳಿ ಇನ್ನಷ್ಟು ಉರಿಯಿತು.

“ಮೇಲಿನ ಹುಡುಗಿ ಹಗಲು ಮಲಗ್ತಾಳ. ಆಕಿ ನಿದ್ದಿ ಕೆಡೋದಾದ್ರ ನನಗ ಈ ಸ್ಪೀಕರ್ ಬ್ಯಾಡ,” ಎಂದಿದ್ದ.

ಮೇಲಿನ ಹುಡುಗಿ ಎಂದರೆ ಐಶ್ವರ್ಯಾ. ಹಾವೇರಿ ಕಡೆಯವಳು, ನಗರದ ಆಸ್ಪತ್ರೆಯೊಂದರಲ್ಲಿ ನರ್ಸ್, ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದಳು. ಅವಳಿಗೂ ರಾತ್ರಿ ಡ್ಯೂಟಿ. ಬಾಡಿಗೆಯ ಹುಡುಗಿಯ ನಿದ್ದೆಯ ಮೇಲಿರುವ ಕಾಳಜಿಯಲ್ಲಿ ಕಾಲುಪಾಲು ತನ್ನ ಮಾತಿನ ಮೇಲಿದ್ದಿದ್ದರೆ ಎಂದುಕೊಂಡು ಹೇಮಾಕ್ಷಿ ಪಾತ್ರೆ ತೊಳೆದಳು.

ಗವರ್ನರ್‌ಪೇಟೆಯ ಅಂಗಡಿಗೆ, ಸಾಯಿಕಿರಣ್ ರಜೆಗೆ ಬಂದಿದ್ದಾಗ, ಅಪ್ಪ ಅಮ್ಮ ಮಗ ಮೂವರೂ ಹೋದರು. ಅಂಗಡಿಯ ಜಗನ್ಮೋಹನ್ ಐವತ್ತರ ಆಸುಪಾಸಿನ ತಾಳ್ಮೆಯ ಮನುಷ್ಯ; ಮಾರುವವನೂ ಅವನೇ, ಬಂದು ಕೂರಿಸುವವನೂ ಅವನೇ. ನಾಲ್ಕು ಜೋಡಿಗಳನ್ನು ಅಂಗಡಿಯ ಸೂರಿನಲ್ಲೇ ಕೂರಿಸಿಟ್ಟಿದ್ದ. ದೊಡ್ಡ ಬಟ್ಟಲು ದಪ್ಪ ದನಿಗೆ, ನಡುವಿನ ಚಿಕ್ಕದು ಸಣ್ಣ ದನಿಗೆ, ಆ ಚಿಕ್ಕದನ್ನು ಕೂರುವ ಜಾಗದ ಕಡೆಗೆ ವಾಲಿಸಬಹುದು ಎಂದೆಲ್ಲ ತೆಲುಗಿನಲ್ಲಿ ವಿವರಿಸಿದ. ಕಾಮೇಶ್ವರ ತನ್ನ ಪೆನ್‌ಡ್ರೈವ್ ಕೊಟ್ಟ. ನಟನೊಬ್ಬ ಪದ್ಯವನ್ನು ಎಳೆದು ಎಳೆದು ಮುಗಿಸುತ್ತಿದ್ದಂತೆ ಹಿಂದೆ ಕಂಚಿನ ತಾಳ ಬಿತ್ತು.

“ತಾಳ ಎಲ್ಲಿ?” ಎಂದ ಕಾಮೇಶ್ವರ.

ಜಗನ್ಮೋಹನ್ ಎರಡನೇ ಜೋಡಿ ಹಚ್ಚಿದ, ಮೂರನೆಯದು ಹಚ್ಚಿದ. ಎಲ್ಲದರಲ್ಲೂ ತಾಳ ಇಲ್ಲ ಎಂದು ಕಾಮೇಶ್ವರ ತಲೆಯಾಡಿಸಿದ. ಹೇಮಾಕ್ಷಿಗೆ ನಾಲ್ಕರಲ್ಲೂ ತಾಳ ಸ್ಪಷ್ಟವಾಗಿ ಕೇಳುತ್ತಿತ್ತು. ಅಂಗಡಿಯವನ ಎದುರಿಗೆ ಗಂಡನ ಮಾತು ತೆಗೆದುಹಾಕುವ ರೂಢಿ ಅವಳಿಗಿರಲಿಲ್ಲ. ಕಡೆಗೆ ಎಂಟಿಂಚಿನ ದೊಡ್ಡ ಜೋಡಿಯನ್ನು ಸದ್ದು ಏರಿಸಿ ಹಚ್ಚಿಸಿಕೊಂಡು, ಇದರಲ್ಲಿ ಏನೋ ಸ್ವಲ್ಪ ಐತಿ ಎಂದು ಒಪ್ಪಿಕೊಂಡ. ಅಷ್ಟು ಸದ್ದಿಗೆ ಹೊರಗೆ ಹೋಗುತ್ತಿದ್ದವರಿಬ್ಬರು ಅಂಗಡಿಯೊಳಗೆ ಇಣುಕಿ ಹೋದರು.

ಮಾರ್ಚಿನಲ್ಲಿ ಕೆಲಸ ಶುರುವಾಯಿತು. ಹಾಲ್‌ನ ಸಾಮಾನೆಲ್ಲ ಅಂಗಳಕ್ಕೆ ಬಂತು. ಕೋಟೇಶ್ವರಮ್ಮನ ಮಂಚ ಪಕ್ಕದ ಕೋಣೆಗೆ, ಒಲೆ ಹಿತ್ತಲ ವರಾಂಡಕ್ಕೆ. ಎರಡು ವಾರ ತಿಂದದ್ದರಲ್ಲೆಲ್ಲ ಜಿಪ್ಸಮ್ಮಿನ ಬಿಳಿ ಪುಡಿ. ಆ ವರ್ಷದ ಬೇವುಬೆಲ್ಲವನ್ನೂ ಹಲಗೆಗಳ ರಾಶಿಯ ಪಕ್ಕದಲ್ಲೇ ನಿಂತು ತಿಂದರು. ಸದ್ದು ಮೇಲಿನ ಮನೆಗೆ ಏರದಂತೆ ಮಾಡುವ ಕೆಲಸ ಹೇಮಾಕ್ಷಿ ಅಂದುಕೊಂಡಷ್ಟು ಸಣ್ಣದಾಗಿರಲಿಲ್ಲ. ಸೂರಿನ ಚೌಕಟ್ಟು ಸ್ಲ್ಯಾಬಿಗೆ ನೇರ ತಾಗದಂತೆ ರಬ್ಬರಿನ ಕೊಕ್ಕೆಗಳಲ್ಲಿ ತೂಗುಹಾಕಿದರು. ಒಂದರ ಮೇಲೊಂದು ಎರಡು ಪದರ ಹಲಗೆ, ನಡುವೆ ಅಂಟು. ಸ್ಪೀಕರಿನ ಬೆನ್ನಿಗೆ ಒಂದೊಂದು ಮರದ ಪೆಟ್ಟಿಗೆ. ಫ್ಯಾನಿನ ಕೊಂಡಿ ಇಳಿಯುವ ತೂತಿನ ಸುತ್ತ ಕೂಡ ಮೆತ್ತಿ ಮುಚ್ಚಿದರು. ಬೆರಳು ತೂರುವಷ್ಟು ಸಂದು ಉಳಿದರೂ ಮಾಡಿದ್ದೆಲ್ಲ ದಂಡ ಎಂದು ಜಗನ್ಮೋಹನ್ ಹೇಳುತ್ತಿದ್ದ.

ಖಾಲಿ ಜಾಗಕ್ಕೆಲ್ಲ ಕಲ್ಲು ಕರಗಿಸಿ ಎಳೆದ ನಾರಿನ, ರಾಕ್‌ವೂಲ್ ಎಂಬ ಹಾಸು ತುಂಬಬೇಕು. ಇಲ್ಲಿ ಕಾಮೇಶ್ವರ ಕೈ ಹಾಕಿದ. ಥರ್ಮಲ್‌ನಲ್ಲಿ ಹಬೆಯ ಪೈಪುಗಳಿಗೆ ಅದೇ ನಾರು ಸುತ್ತುವುದನ್ನು ಮೂವತ್ತು ವರ್ಷ ನೋಡಿದವನು. ತಾನೇ ಏಣಿ ಹತ್ತಿ, ಅಲ್ಲಿಯ ರೂಢಿಯಂತೆ ಮುಷ್ಟಿಯಿಂದ ಗುದ್ದಿ ಗುದ್ದಿ ಅರ್ಧ ಹಾಲ್ ತುಂಬಿದ. ಜಗನ್ಮೋಹನ್ ಸಂಜೆ ಬಂದು ನೋಡಿ, ಬಿಸಿ ತಡೆಯುವುದಕ್ಕೆ ನಿಮ್ಮ ರೂಢಿ ಏನೋ ಗೊತ್ತಿಲ್ಲ ಸಾರ್, ಸದ್ದು ಹೀರಬೇಕಾದರೆ ಅದು ಉಬ್ಬಿಕೊಂಡಿರಬೇಕು ಎಂದು ಎಲ್ಲವನ್ನೂ ಹೊರಗೆಳೆಸಿದ. ಕಾಮೇಶ್ವರ ಮುಖ ಸಣ್ಣ ಮಾಡಿಕೊಂಡು ನಾರು ಚುಚ್ಚಿದ ಮೈ ಕೆರೆದುಕೊಳ್ಳುತ್ತ ಕೂತ. ಹೇಮಾಕ್ಷಿ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಅವನ ಪಕ್ಕ ಇಟ್ಟು, ಹಚ್ಚಿಕೊಳ್ಳಿ ಎಂದಳು. ಅವನು ತಿರುಗಿಯೂ ನೋಡಲಿಲ್ಲ. ಅಂದೇ ಅವಳು ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿ, ಒರೆಸಿ, ಕೋಣೆಯ ನಡುವೆ ಇಟ್ಟಳು.

ತಿಂಗಳ ಕೊನೆಗೆ ಸೂರಿಗೆ ಬಣ್ಣವಾಗಿ ಬಿಳಿ ಜಾಲರಿಗಳು ಕೂತವು. ನೋಡಲು ಚೆಂದವೇ ಇತ್ತು. ಕಾಮೇಶ್ವರ ಪದ್ಯ ಹಚ್ಚಿ ಐದು ನಿಮಿಷ ಕೇಳಿ, ನಡುವಿನ ಚಿಕ್ಕದು ಸತ್ತೈತಿ ಎಂದುಬಿಟ್ಟ. ಜಗನ್ಮೋಹನ್ ಬಂದು ಜೋಡಿ ಬದಲಿಸಿದ. ಮೂರು ದಿನಕ್ಕೆ ಅದೂ ಸತ್ತಿತು. ಅವನು ಮತ್ತೆ ಬಂದು ಇನ್ನೊಂದು ಜೋಡಿ ಹಾಕಿದ. ಅದಕ್ಕೂ ಅದೇ ತಕರಾರು. ಅಪ್ಪನನ್ನು ತೆಲುಗಿನವರಂತೆ ನಾನ್ನ ಎನ್ನುವ ಸಾಯಿಕಿರಣ್ ಫೋನಿನಲ್ಲಿ ಗೊಣಗಿದ: “ನಾನ್ನಗೆ ಏನು ಕೊಟ್ರೂ ಒಂದು ಐಬು ಬೇಕಮ್ಮಾ. ನೀನು ಬಂದುಬಿಡು.” ಹೇಮಾಕ್ಷಿಗೂ ಹಾಗೇ ಅನಿಸಿತ್ತು. ರೈಲಿಗೆ ಇನ್ನು ಆರು ದಿನವಿತ್ತು.

ಸೋಮವಾರ ಮಧ್ಯಾಹ್ನ ಜಗನ್ಮೋಹನ್ ಮೂರನೇ ಸಲ ಬಂದ. ಈ ಸಲ ಸ್ಪೀಕರ್ ತಂದಿರಲಿಲ್ಲ. ಫೋನಿನಿಂದ ಒಂದು ಸದ್ದು ಬಿಡುತ್ತೇನೆ, ದಪ್ಪದಿಂದ ಶುರುವಾಗಿ ಸಣ್ಣಗಾಗುತ್ತ ಹೋಗುತ್ತದೆ, ಎಲ್ಲಿ ನಿಲ್ಲುತ್ತದೋ ಅಲ್ಲಿ ದೋಷ ಎಂದ. ಮೇಲೆ ಕೇಳುತ್ತದೋ ಇಲ್ಲವೋ ಹೇಳಲು ಕರೆಸಿದ್ದ ಐಶ್ವರ್ಯಾ, ನಿನ್ನೆ ಇಡೀ ಹಗಲು ನೀವು ಪದ್ಯ ಹಚ್ಚಿದ್ದು ಗೊತ್ತೇ ಆಗಲಿಲ್ಲ ಅಂಕಲ್ ಎಂದು ಹೇಳಿ ಅಲ್ಲೇ ನಿಂತಳು. ಕೋಟೇಶ್ವರಮ್ಮ ಕುರ್ಚಿಯಲ್ಲಿದ್ದಳು. ಕಾಮೇಶ್ವರ ಸರಿಯಾಗಿ ಸ್ಪೀಕರಿನ ಕೆಳಗೆ ಕೂತ.

ಮೊದಲು ಕಿಟಕಿಯ ಸರಳು ಅದುರುವಂಥ ಗುಂಯ್ ಸದ್ದು. ಕಾಮೇಶ್ವರ ತಲೆದೂಗಿದ. ಸದ್ದು ಏರುತ್ತ ಕೊಳಲಿನಷ್ಟಾಯಿತು, ಆಮೇಲೆ ಇನ್ನೂ ಸಣ್ಣಗೆ ಕೀರಲಾಗಿ ಹಲ್ಲಿಗೆ ಚುಚ್ಚತೊಡಗಿತು. ಐಶ್ವರ್ಯಾ ಮುಖ ಕಿವಿಚಿದಳು. ಕೋಟೇಶ್ವರಮ್ಮ ಎರಡೂ ಕಿವಿ ಮುಚ್ಚಿಕೊಂಡು ಸಾಕು ನಿಲ್ಲಿಸು ಎಂದಳು. ಕಾಮೇಶ್ವರ ಜಾಲರಿಯನ್ನೇ ನೋಡುತ್ತ ಇನ್ನೊಂದು ಕ್ಷಣ ಕಾದ.

“ನಿಂತು ಹೋತು ನೋಡ್ರಿ,” ಎಂದ ಗೆದ್ದವನ ಹಾಗೆ. “ನಾ ಹೇಳ್ಲಿಲ್ಲೇನು, ಚಿಕ್ಕದು ಸತ್ತೈತಿ.”

ಸದ್ದು ಹಾಲ್ ತುಂಬ ಕಿರಿಚುತ್ತಲೇ ಇತ್ತು. ಜಗನ್ಮೋಹನ್ ಫೋನು ಆರಿಸಿ, ನೆಲ ನೋಡುತ್ತ, ಸ್ಪೀಕರ್ ಚೆನ್ನಾಗಿಯೇ ಇದೆ ಸಾರ್ ಎಂದು ಮೆಲ್ಲಗೆ ಹೇಳಿದ. ಕಾಮೇಶ್ವರ ಏನಂದಿರಿ ಎಂದು ಕೇಳಿದ. ಐಶ್ವರ್ಯಾ ಅವನ ಎದುರಿಗೆ ಬಂದು ಕೂತು, ಮುಖ ಕಾಣುವಂತೆ, ಬಿಡಿಸಿ ಬಿಡಿಸಿ ಹೇಳಿದಳು.

“ಅಂಕಲ್, ಕಿವಿ ಪರೀಕ್ಷೆ ಮಾಡಿಸಬೇಕ್ರಿ. ಮಿಷನ್ ಹತ್ರ ಕೆಲಸ ಮಾಡೋರಿಗೆ ಮೊದಲು ಹೋಗೋದು ಸಣ್ಣ ದನಿನೇ. ತಾಳ, ಹಕ್ಕಿ ದನಿ. ಹೆಣ್ಣುಮಕ್ಕಳು ಹಗುರ ಮಾತಾಡಿದ್ದೂ ಕೇಳಂಗಿಲ್ಲ.”

ಹೇಮಾಕ್ಷಿ ಬಾಗಿಲಿಗೆ ಒರಗಿ ನಿಂತಿದ್ದಳು. ಹಗುರ ಮಾತಾಡಿದ್ದು. ಅವಳು ಈ ಮನೆಯಲ್ಲಿ ಹಗುರವಾಗಿ ಅಲ್ಲದೆ ಬೇರೆ ಹೇಗೂ ಮಾತಾಡಿರಲೇ ಇಲ್ಲ.

ಕಾಮೇಶ್ವರನಿಗೆ ಸಿಟ್ಟು ಬಂತು. ಟರ್ಬೈನಿನ ಬೇರಿಂಗ್ ಕೆಟ್ಟದ್ದನ್ನು ಮೀಟರಿಗಿಂತ ಮುಂಚೆ ಹೇಳುವವನು ತಾನು, ಉದ್ದ ಸ್ಕ್ರೂಡ್ರೈವರಿನ ತುದಿ ಮಿಷನ್ನಿಗಿಟ್ಟು ಹಿಡಿಯನ್ನು ಕಿವಿಗೆ ಒತ್ತಿದರೆ ಈಗಲೂ ಎಲ್ಲ ಕೇಳುತ್ತದೆ ಎಂದು ವಾದಿಸಿದ. ಕಿವಿಗೆ ಹಾಕಿಕೊಳ್ಳಲು ಏನೂ ಕೊಟ್ಟಿರಲಿಲ್ಲವೇ ಎಂದು ಐಶ್ವರ್ಯಾ ಕೇಳಿದ್ದಕ್ಕೆ, ಕೊಟ್ಟಿದ್ದರು, ಅದನ್ನು ಹಾಕಿಕೊಂಡರೆ ಮಿಷನ್ನಿನ ಮಾತು ಕೇಳಿಸುವುದಿಲ್ಲವಲ್ಲ ಎಂದ. ಮೂವತ್ತು ವರ್ಷ ಅದನ್ನು ಕುತ್ತಿಗೆಗೇ ನೇತುಹಾಕಿಕೊಂಡು ತಿರುಗಿದ್ದನಂತೆ. ಇನ್ನು ಮೂರು ತಿಂಗಳು ಸರ್ವೀಸಿಗೆ ಪರೀಕ್ಷೆಯೂ ಬೇಡ, ಗಿರೀಕ್ಷೆಯೂ ಬೇಡ ಎಂದು ಎದ್ದು ಹಿತ್ತಲಿಗೆ ಹೋದ. ಜಗನ್ಮೋಹನ್ ಮತ್ತು ಐಶ್ವರ್ಯಾ ಸದ್ದಿಲ್ಲದೆ ಹೊರಟುಹೋದರು.

ಹೇಮಾಕ್ಷಿ ಹಿಂದೆಯೇ ಹಿತ್ತಲಿಗೆ ಹೋದಳು. ಅವನು ಬೆನ್ನು ಮಾಡಿ ನಿಂತಿದ್ದ. ಯಾವಾಗಿನಂತೆ ಬಾವಾ ಎಂದಳು. ಅವನು ತಿರುಗಲಿಲ್ಲ. ಅವಳು ಎದೆ ತುಂಬ ಉಸಿರೆಳೆದುಕೊಂಡು, ಬಳ್ಳಾರಿಯ ಮನೆಯ ಮಾಳಿಗೆ ಮೇಲಿಂದ ತಮ್ಮಂದಿರನ್ನು ಕರೆಯುತ್ತಿದ್ದ ದನಿಯಲ್ಲಿ ಕೂಗಿದಳು.

“ಬಾವಾ!”

ಅವನು ಬೆಚ್ಚಿ ತಿರುಗಿದ. ಪಕ್ಕದ ಮನೆಯ ಕಿಟಕಿ ತೆರೆಯಿತು. ಒಳಗಿನಿಂದ ಕೋಟೇಶ್ವರಮ್ಮ, ಯಾಕೇ ಆ ಪರಿ ಕಿರಿಚ್ತೀ ಎನ್ನುತ್ತ ಗೋಡೆ ಹಿಡಿದು ಬಂದಳು.

“ದಿನಾ ಸಂಜಿಗೆ ರೊಟ್ಟಿ ಎಷ್ಟು ಅಂತ ಕೇಳ್ತೀನಲ್ಲ, ನಿಮಗ ಕೇಳಿಸಿಲ್ಲೇನು?” ಎಂದಳು ಹೇಮಾಕ್ಷಿ ಅದೇ ದನಿಯಲ್ಲಿ.

“ನೀನೆಲ್ಲಿ ಕೇಳ್ತೀ?” ಎಂದ ಕಾಮೇಶ್ವರ. “ನೀನು ಬಾಯಿ ಬಿಟ್ಟು ಎಷ್ಟು ವರ್ಷ ಆತು? ಅಮ್ಮನ ಹತ್ರ ಕೂತಾಗ ತುಟಿ ಆಡ್ತಾವ. ನಾ ಬಂದ್ರ ಸುಮ್ಮನಾಗ್ತೀರಿ. ನನ್ನ ಮ್ಯಾಲ ಏನೋ ಸಿಟ್ಟು, ಮಾತು ಬಿಟ್ಟಾಳ, ಬಿಡ್ಲಿ ಅಂತ ನಾನೂ ಇದ್ದೆ.”

“ವಿಶಾಖಪಟ್ಟಣಕ್ಕ ಹೋಗ್ತೀನಂತ ಹೇಳಿದ್ದು?”

“ಯಾರು ಹೇಳಿದ್ರು? ಕೋಣ್ಯಾಗ ಸೂಟ್‌ಕೇಸ್ ನೋಡಿದೆ. ಹೇಳ್ದೇ ಹೋಗೋಳನ್ನ ಏನಂತ ಕೇಳ್ಲಿ?” ಅವನ ಕಣ್ಣು ಕೆಂಪಾಗಿದ್ದವು. “ರಿಟೈರ್ ಆಗಿ ಈ ಮೂಕ ಮನ್ಯಾಗ ಒಬ್ಬನ ಹೆಂಗ ಕೂಡ್ಲಿ? ಅದಕ್ಕ ಹುಡುಗ ಸ್ಪೀಕರ್ ಅಂದ ಕೂಡ್ಲೇ ಹೂಂ ಅಂದೆ. ಏನೋ ಒಂದು ಸದ್ದಾದ್ರೂ ಇರ್ಲಿ ಅಂತ.”

ಹೇಮಾಕ್ಷಿ ತುಳಸಿಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು. ನಾಲ್ಕು ವರ್ಷದ ರೊಟ್ಟಿಗಳೆಲ್ಲ ನೆನಪಿಗೆ ಬಂದವು. ಮಾಡದ ತಪ್ಪಿಗೆ ಈ ಮನುಷ್ಯನನ್ನು ಬಿಟ್ಟು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಕೋಟೇಶ್ವರಮ್ಮ ಬಾಗಿಲಲ್ಲೇ ನಿಂತಿದ್ದಳು. ಹಗುರ ಮಾತಾಡು ಅಂದಾಕಿ ನಾನು ಎಂದಳು. ಅವಳು ಅದನ್ನೂ ಪಿಸುದನಿಯಲ್ಲೇ ಅಂದದ್ದರಿಂದ ಮಗನಿಗೆ ಕೇಳಿಸಲಿಲ್ಲ. ಹೇಮಾಕ್ಷಿಯೂ ಮತ್ತೆ ಹೇಳಲು ಹೋಗಲಿಲ್ಲ.

ಬುಧವಾರ ಐಶ್ವರ್ಯಾಳ ಆಸ್ಪತ್ರೆಗೆ ಹೋದರು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಹೊರಗಿನಿಂದ ನೋಡುತ್ತಿದ್ದ ಹೇಮಾಕ್ಷಿಗೆ ಅವನ ಬೆರಳು ಸುಮ್ಮನೆ ಕಾಯುತ್ತ ಕೂತಿರುವುದು ಕಾಣಿಸಿತು. ಕಾಗದದ ಮೇಲಿನ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು ಆಮೇಲೆ ಧಡಕ್ಕನೆ ಕೆಳಗಿಳಿದಿತ್ತು. ಹೋದದ್ದು ಬರುವುದಿಲ್ಲ, ಯಂತ್ರ ಹಾಕಿಕೊಂಡರೆ ಅನುಕೂಲ ಎಂದರು ಡಾಕ್ಟರು. ಯಂತ್ರ ಜುಲೈ ಮೇಲೆ ನೋಡೋಣ ಎಂದ ಕಾಮೇಶ್ವರ. ಅಷ್ಟರಮಟ್ಟಿಗೆ ಒಪ್ಪಿದ್ದೇ ದೊಡ್ಡದೆಂದು ಹೇಮಾಕ್ಷಿ ಸುಮ್ಮನಾದಳು.

ಅಂದು ಮಧ್ಯಾಹ್ನವೇ ಸಾಯಿಕಿರಣನಿಗೆ ಫೋನ್ ಮಾಡಿ, ಭಾನುವಾರ ಬರುತ್ತೇನೆ, ಹತ್ತು ದಿನ ಇರುತ್ತೇನೆ, ವಾಪಸು ಟಿಕೆಟ್ ಮಾಡಿಸು ಎಂದಳು. ಆ ಹತ್ತು ದಿನ ಐಶ್ವರ್ಯಾ ಎರಡೂ ಹೊತ್ತು ಅಜ್ಜಿಯನ್ನು ನೋಡಿಹೋಗುತ್ತೇನೆಂದು ಒಪ್ಪಿದ್ದಳು. ಜುಲೈಯಲ್ಲಿ ಮೂವರೂ ಬರುತ್ತೇವೆ ಎಂದು ಹೇಮಾಕ್ಷಿ ಸೇರಿಸಿದಳು. ಸ್ಪೀಕರ್ ನಾನು ಕೊಡಿಸಿದೆ, ಲಾಭ ನಾನ್ನಗೆ ಎಂದು ಆ ಕಡೆ ಹುಡುಗ ನಕ್ಕ. ಇಷ್ಟು ಜೋರಾಗಿ ಯಾಕೆ ಮಾತಾಡ್ತಿದ್ದೀ ಅಮ್ಮಾ ಎಂದೂ ಕೇಳಿದ.

ಸಂಜೆ ಕಾಮೇಶ್ವರ ಹಾಲ್‌ನಲ್ಲಿ ಪದ್ಯ ಹಚ್ಚಿದ್ದ. ಸದ್ದು ತಗ್ಗಿಸಿದ್ದ. ತಾಳ ಬರುವ ಕಡೆಯಲ್ಲೆಲ್ಲ ತಾನೇ ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದ. ಹೇಮಾಕ್ಷಿ ಹಿಟ್ಟು ನಾದಿ ಉಂಡೆ ಕಟ್ಟಿದಳು. ಲಟ್ಟಣಿಗೆ ಗೂಟದಲ್ಲೇ ಇತ್ತು.

“ಬಾವಾ, ರೊಟ್ಟಿ ಎಷ್ಟು?” ಎಂದಳು ಗಟ್ಟಿಯಾಗಿ.

“ಹಗುರ ಮಾತಾಡೇ, ಅವನು ಮಲಗ್ಯಾನ,” ಎಂದಿತು ಕೋಣೆಯೊಳಗಿಂದ ಮುದುಕಿಯ ಬಾಯಿ, ರೂಢಿಯಂತೆ.

“ಎರಡು,” ಎಂದು ಹಾಲ್‌ನಿಂದ ಉತ್ತರ ಬಂತು.

ಹೇಮಾಕ್ಷಿ ಬಾಗಿಲಿಗೆ ಬಂದು ನಿಂತಳು. “ಎರಡ? ಯಾವಾಗಿಂದ?”

“ನಾಲ್ಕು ವರ್ಷ ಆತು,” ಎಂದ ಕಾಮೇಶ್ವರ.

ಅವಳು ಒಳಗೆ ಹೋಗಿ ಮೂರನೇ ಉಂಡೆಯನ್ನು ಹಿಟ್ಟಿನ ತಟ್ಟೆಗೆ ವಾಪಸು ಹಾಕಿದಳು. ಉಳಿದೆರಡನ್ನು ಮುಂದಿಟ್ಟುಕೊಂಡು, ಮಣೆ ಅದುರುವಂತೆ ತಟ್ಟತೊಡಗಿದಳು.